ನಂದಾದೇವಿಯ ಕೋಟೆಯೊಳಗೆ

ಉತ್ತರಾಖಂಡದ ನಂದಾದೇವಿ ಶಿಖರದ ಎತ್ತರ 7,816 ಮೀಟರ್. ಆದರೆ ಅದನ್ನು ಬಹುಕಾಲ ಕಾಯ್ದದ್ದು ಎತ್ತರಕ್ಕಿಂತಲೂ ಹೆಚ್ಚಾಗಿ ಸುತ್ತುಗಟ್ಟಿದ ಹಿಮಗಿರಿಗಳ ಕೋಟೆ. ಕೋಟೆಯಲ್ಲಿರುವುದು ಒಂದೇ ಬಿರುಕು, ಋಷಿಗಂಗೆ ಕೊರೆದ ಭೀಕರ ಕಮರಿ. 1934ರಲ್ಲಿ ಶಿಪ್ಟನ್ ಮತ್ತು ಟಿಲ್ಮನ್ ಆ ಕಮರಿಯಲ್ಲಿ ದಾರಿ ಕಂಡರು. ಜೊತೆಗಿದ್ದ ಮೂವರು ಶೆರ್ಪಾಗಳನ್ನು ಮಾತ್ರ ಲೋಕ ಅಷ್ಟಾಗಿ ನೆನೆಯುವುದಿಲ್ಲ. 1936ರ ಆಗಸ್ಟ್ 29ರಂದು ಟಿಲ್ಮನ್, ಓಡೆಲ್ ತುದಿ ಮುಟ್ಟಿದರು.

ನನ್ನನ್ನು ಕಾಡುವುದು 1976ರ ಆರೋಹಣ. ಈ ಶಿಖರದ ಚೆಲುವಿಗೆ ಮಾರುಹೋಗಿದ್ದ ಅಮೆರಿಕದ ಪರ್ವತಾರೋಹಿ ವಿಲಿ ಅನ್‌ಸೋಲ್ಡ್ ಮಗಳಿಗೆ ನಂದಾದೇವಿ ಎಂದೇ ಹೆಸರಿಟ್ಟಿದ್ದರು. ತಂದೆಯೊಡನೆ ಬಂದ ಆ ತರುಣಿ ಮೇಲಿನ ಶಿಬಿರದಲ್ಲಿ ಅಸ್ವಸ್ಥಳಾಗಿ ಕಣ್ಣುಮುಚ್ಚಿದಳು. ಮಗಳ ದೇಹವನ್ನು ತಂದೆ ಆ ಹಿಮಕ್ಕೇ ಒಪ್ಪಿಸಿ ಇಳಿದರು. ಪರಿಸರ ರಕ್ಷಣೆಗಾಗಿ 1983ರಲ್ಲಿ ಸರ್ಕಾರ ಆ ಒಳಕಣಿವೆಯನ್ನು ಆರೋಹಿಗಳಿಗೆ ಮುಚ್ಚಿತು.