ಮಾವಶಿ ಎಂಬ ಮಾತು

ಕನ್ನಡದಲ್ಲಿ ದಯೆಗೆ ಹೆಸರುಗಳು ಹಲವು: ಕರುಣೆ, ಕನಿಕರ, ಮರುಕ, ಅನುಕಂಪ. ಇವುಗಳಲ್ಲಿ ಹೆಚ್ಚಿನವು ಉಳ್ಳವರು ಇಲ್ಲದವರಿಗೆ ತೋರುವಂಥವು. ಮೇಲಿನಿಂದ ಕೆಳಕ್ಕೆ ಇಳಿಯುವಂಥವು. ಧಾರವಾಡದ ಕಡೆಯ ನಮ್ಮ ಹಿರಿಯರ ಬಾಯಲ್ಲಿ ಇನ್ನೊಂದು ಮಾತಿತ್ತು, ಅಂತಃಕರಣ. ‘ಅಕಿಗೆ ಭಾಳ ಅಂತಃಕರಣ’ ಎಂದರೆ ಆಕೆ ಬಹಳ ದಾನ ಮಾಡುವವಳೆಂದಲ್ಲ, ಪರರನ್ನು ತನ್ನವರೆಂದು ಬಗೆಯುವವಳೆಂದು ಅರ್ಥ. ಪುಣೆಯಲ್ಲಿ ಬೆಳೆಯುತ್ತಿರುವ ನಮ್ಮ ಆರು ವರ್ಷದ ಮಗಳಿಗೆ ಈ ಅಂತರವನ್ನು ಹೇಗೆ ತಿಳಿಸುವುದೆಂಬ ಪ್ರಶ್ನೆ ಈ ವರ್ಷ ನಮಗೆ ಎದುರಾಯಿತು.

ಶಾಲೆ ತನ್ನ ಪಾಲಿನ ಕೆಲಸವನ್ನು ಮಾಡುತ್ತಿದೆ. ಇಂಥ ಪಾಠಗಳು ಈಗ ಹೊಸತೂ ಅಲ್ಲ. ದೆಹಲಿ ಸರಕಾರ 2018ರಲ್ಲಿಯೇ ನರ್ಸರಿಯಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ‘ಹ್ಯಾಪಿನೆಸ್’ ಪಠ್ಯಕ್ರಮವನ್ನು ತಂದಿತು. ಮಗಳ ತರಗತಿಯಲ್ಲಿ ವಾರಕ್ಕೊಂದು ಅವಧಿ ಇದಕ್ಕೆ ಮೀಸಲು. ಡಬ್ಬಿ ತರದವರೊಡನೆ ಹಂಚಿ ತಿನ್ನಬೇಕು, ಬಿದ್ದವರನ್ನು ಎಬ್ಬಿಸಬೇಕು, ಹೊಸದಾಗಿ ಸೇರಿದವರ ಪಕ್ಕದಲ್ಲಿ ಕೂರಬೇಕು. ಒಂದೊಂದು ಒಳ್ಳೆಯ ಕೆಲಸಕ್ಕೂ ಗೋಡೆಯ ಪಟ್ಟಿಯಲ್ಲಿ ಒಂದು ನಕ್ಷತ್ರ. ನಕ್ಷತ್ರದ ಆಸೆಗೆ ದಯೆಯೇ ಎಂದು ಯಾರಾದರೂ ನಕ್ಕಾರು. ಆದರೆ ಅಕ್ಷರವನ್ನೂ ನಾವು ಮೊದಲು ತಿದ್ದಿಯೇ ಕಲಿತವರು.

ತೊಡಕು ಬಂದದ್ದು ಮನೆಯಲ್ಲಿ. ನಮ್ಮ ಮನೆಗೆಲಸಕ್ಕೆ ಬರುವವರನ್ನು ಈ ಊರಿನ ರೂಢಿಯಂತೆ ‘ಮಾವಶಿ’ ಎನ್ನುತ್ತೇವೆ. ಮರಾಠಿಯಲ್ಲಿಯೂ ನಮ್ಮ ಕಡೆಯ ಕನ್ನಡದಲ್ಲಿಯೂ ಮಾವಶಿ ಎಂದರೆ ತಾಯಿಯ ಸೋದರಿ. ಮಗಳ ಲೆಕ್ಕದಲ್ಲಿ ಅವಳಿಗೆ ಧಾರವಾಡದಲ್ಲಿ ಒಬ್ಬ ಮಾವಶಿ, ಪುಣೆಯಲ್ಲಿ ಒಬ್ಬ ಮಾವಶಿ. ಹೋದ ಮಳೆಗಾಲದಲ್ಲಿ ನಮ್ಮ ಕಟ್ಟಡದಲ್ಲಿ ಹೊಸ ಫಲಕವೊಂದು ಬಂದಿತು: ಕೆಲಸದವರು ಸಾಮಾನಿನ ಲಿಫ್ಟನ್ನೇ ಬಳಸತಕ್ಕದ್ದು. ಅದೇ ವಾರ ಆ ಲಿಫ್ಟು ಕೆಟ್ಟು ನಿಂತಿತು. ಮಾವಶಿ ಮಂಡಿನೋವಿನಲ್ಲಿ ಏಳು ಮಹಡಿ ಹತ್ತಿ ಬಂದರು. ಮಗಳು ಕೇಳಿದಳು, ‘ಅವ್ವಾ, ಧಾರವಾಡ ಮಾವಶಿ ನಮ್ಮ ಲಿಫ್ಟಿನ್ಯಾಗ ಬರ್ತಾಳ. ಈ ಮಾವಶಿ ಯಾಕ ಬರಂಗಿಲ್ಲ?’

ಆ ರಾತ್ರಿ ನಾವು ಅವಳಿಗೆ ಈ ನೆಲದ್ದೇ ಆದ ಒಂದು ಕಥೆ ಹೇಳಿದೆವು. ಸಾನೆ ಗುರೂಜಿ 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದ ‘ಶ್ಯಾಮಚಿ ಆಯಿ’ಯಲ್ಲಿ ಒಂದು ಪ್ರಸಂಗವಿದೆ. ಕಟ್ಟಿಗೆಯ ಹೊರೆಯನ್ನು ಎತ್ತಲಾರದ ಮುದುಕಿಯೊಬ್ಬಳನ್ನು, ಅಸ್ಪೃಶ್ಯಳೆಂಬ ಕಾರಣಕ್ಕೆ ಯಾರೂ ಮುಟ್ಟುವುದಿಲ್ಲ. ತಾಯಿ ಮಗನನ್ನು ಕಳಿಸಿ ಹೊರೆ ಎತ್ತಿಕೊಡಿಸುತ್ತಾಳೆ. ಆಮೇಲೆ ಸ್ನಾನ ಮಾಡೆಂದೂ ಹೇಳುತ್ತಾಳೆ. ಹೊರೆ ಎತ್ತಿದ್ದು ಮಗಳಿಗೆ ತಿಳಿಯಿತು, ಸ್ನಾನ ತಿಳಿಯಲಿಲ್ಲ. ‘ಮೈಗೆ ಧೂಳ ಹತ್ತಿತ್ತೇನು?’ ಎಂದಳು. ಅಲ್ಲವೆಂದೆವು. ತಾಯಿಯ ಅಂತಃಕರಣ ಅಂದಿನ ಕಾಲ ಬಿಟ್ಟಷ್ಟು ದೂರ ನಡೆದಿತ್ತು. ಉಳಿದ ದಾರಿಯನ್ನು ಮಗ ನಡೆಯಬೇಕಾಯಿತು. ಅದೇ ಸಾನೆ ಗುರೂಜಿ 1947ರಲ್ಲಿ, ನಮ್ಮ ದಾಸರೂ ಹಾಡಿ ಕೊಂಡಾಡಿದ ಪಂಢರಪುರದ ವಿಠ್ಠಲನ ಗುಡಿ ದಲಿತರಿಗೆ ತೆರೆಯಲೆಂದು ಉಪವಾಸ ಕುಳಿತರು. ಬಾಗಿಲು ತೆರೆಯಿತು.

ನಾವು ಮಾವಶಿಯವರನ್ನು ನಮ್ಮ ಲಿಫ್ಟಿಗೆ ಕರೆದೆವು. ಅವರು ಒಪ್ಪಲಿಲ್ಲ. ‘ಇದೇ ಕಟ್ಟಡದಲ್ಲಿ ಇನ್ನೆರಡು ಮನೆಗಳಿವೆ, ಅವರಿಗೆ ಸಿಟ್ಟು ಬಂದರೆ ನನ್ನ ಕೆಲಸ ಹೋಗುತ್ತದೆ’ ಎಂದರು. ನಮ್ಮ ದಯೆಯ ಬೆಲೆಯನ್ನು ಅವರು ತೆರುವಂತಾಗಬಾರದು. ಆದ್ದರಿಂದ ಅವರ ಹೆಸರೆತ್ತದೆ, ಫಲಕವನ್ನು ತೆಗೆಯಬೇಕೆಂದು ಸೊಸಾಯಿಟಿಗೆ ಅರ್ಜಿ ಬರೆದೆವು. ಹನ್ನೊಂದು ಮನೆಗಳವರು ಸಹಿ ಹಾಕಿದರು. ಸಭೆಯಲ್ಲಿ ಸುರಕ್ಷತೆ, ಶುಚಿತ್ವ, ಬೆಳಗಿನ ದಟ್ಟಣೆ ಎಲ್ಲವೂ ಚರ್ಚೆಗೆ ಬಂದವು. ಸಾಮಾನಿನ ಲಿಫ್ಟು ದುರಸ್ತಿಯಾಗುವವರೆಗೆ ಎಲ್ಲರೂ ಒಂದೇ ಲಿಫ್ಟನ್ನು ಬಳಸಬಹುದೆಂದು ತೀರ್ಮಾನವಾಯಿತು. ಉಳಿದದ್ದು ಮುಂದಿನ ಸಭೆಗೆ. ಮಾವಶಿ ಈಗ ಮಂಡಿ ಹಿಡಿದುಕೊಳ್ಳದೆ ಬರುತ್ತಾರೆ. ದುರಸ್ತಿ ಮುಗಿದ ಮೇಲೆ ಏನಾಗುವುದೆಂಬ ಚಿಂತೆ ಇದ್ದೇ ಇದೆ.

ಈ ಕೆಲಸಕ್ಕೆ ನಕ್ಷತ್ರ ಸಿಗುವುದೇ ಎಂದು ಮಗಳು ಕೇಳಲಿಲ್ಲ. ಅದು ನಮಗೆ ಸಮಾಧಾನ ತಂದಿತು. ಹೊರನಾಡಿಗೆ ಬಂದ ನಮ್ಮಂಥವರು ನೆರೆಯವರನ್ನು ಕಾಕಾ, ಮಾವಶಿ, ತಾಯಿ ಎಂದು ಕರೆಯುತ್ತ, ಕರೆಸಿಕೊಳ್ಳುತ್ತ ಇಲ್ಲಿ ಬೇರೂರಿದವರು. ಸಂಬಂಧದ ಹೆಸರು ಹಿಡಿದು ಕರೆದ ಮೇಲೆ ಸಂಬಂಧಿಕರಂತೆಯೇ ಕಾಣಬೇಕು. ಮಗು ಕೇಳಿದ್ದು ಇಷ್ಟನ್ನೇ.