ಬೆಂಕಿ ಬಿದ್ದಾಂಗ ಚೀರೂ ಹಾಡು

ಹಾರ್ಡ್ ರಾಕ್ ಅಂದರೆ ನಮ್ಮ ಕಡೆಯವರಿಗೆ ಇವತ್ತಿಗೂ ಸಂಗೀತವಲ್ಲ, ಗದ್ದಲ. ಧಾರವಾಡದಲ್ಲಿ ಅಪ್ಪನ ಪಕ್ಕ ಜಮಖಾನೆಯ ಮೇಲೆ ಕೂತು ಮಲ್ಲಿಕಾರ್ಜುನ ಮನಸೂರರನ್ನು ಕೇಳಿ ಬೆಳೆದವನು ನಾನು. ಎಂ.ಕಾಂ. ಮುಗಿಸಿ 1983ರಲ್ಲಿ ಬ್ಯಾಂಕಿನ ನೌಕರಿಗೆಂದು ಮುಂಬಯಿಗೆ ಹೋದವನು ಅಲ್ಲಿ ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡದ ‘ಮಷೀನ್ ಹೆಡ್’ ಎಂಬ ಆಲ್ಬಮ್ಮಿಗೆ ಮನಸೋತೆ ಅಂದರೆ ಊರಿನ ಗೆಳೆಯರು ಈಗಲೂ ನಗುತ್ತಾರೆ. ನಗಲಿ ಬಿಡಿ. ನಲವತ್ತು ವರ್ಷ ಕೇಳಿದ ಮೇಲೆ, ಅದು ಯಾಕೆ ಹಿಡಿಸಿತು ಎಂದು ಹೇಳುವ ಹಕ್ಕಾದರೂ ನನಗೆ ಬಂದಿದೆ.

ಮೊದಲು ಅದು ಹುಟ್ಟಿದ ಕಥೆ ಕೇಳಿ. 1971ರ ಡಿಸೆಂಬರ್. ನಮ್ಮಲ್ಲಿ ಬಾಂಗ್ಲಾ ಯುದ್ಧ ನಡೆದಿತ್ತು. ನಮ್ಮ ಓಣಿಯವರೆಲ್ಲ ರೇಡಿಯೋಕ್ಕೆ ಕಿವಿ ಹಚ್ಚಿ ಕೂತಿದ್ದೆವು. ಅದೇ ಹೊತ್ತಿಗೆ ಡೀಪ್ ಪರ್ಪಲ್ಲಿನ ಐದು ಜನ ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿಗೆ ಬಂದಿದ್ದರು. ಜಿನೀವಾ ಸರೋವರದ ದಂಡೆಯ ಕ್ಯಾಸಿನೋದಲ್ಲಿ ಆಲ್ಬಮ್ ಧ್ವನಿಮುದ್ರಣ ಮಾಡುವುದೆಂದು ಗೊತ್ತಾಗಿತ್ತು. ಅದಕ್ಕಾಗಿ ರೋಲಿಂಗ್ ಸ್ಟೋನ್ಸ್ ತಂಡದವರ ಸಂಚಾರಿ ಸ್ಟುಡಿಯೋ, ಅಂದರೆ ಮುದ್ರಣದ ಯಂತ್ರಗಳನ್ನೆಲ್ಲ ಹೊತ್ತ ಒಂದು ಲಾರಿ, ಬಾಡಿಗೆಗೆ ಬಂದಿತ್ತು. ಡಿಸೆಂಬರ್ 4ರಂದು ಅದೇ ಕ್ಯಾಸಿನೋದಲ್ಲಿ ಫ್ರಾಂಕ್ ಜಪ್ಪಾ ಎಂಬ ಅಮೆರಿಕನ್ ಸಂಗೀತಗಾರನ ಕಛೇರಿ. ಪ್ರೇಕ್ಷಕರಲ್ಲಿ ಯಾರೋ ಒಬ್ಬ ಫ್ಲೇರ್ ಪಿಸ್ತೂಲು ಹಾರಿಸಿದ. ಚಾವಣಿಗೆ ಕಿಡಿ ಹತ್ತಿತು, ಇಡೀ ಕ್ಯಾಸಿನೋ ಸುಟ್ಟು ಬೂದಿಯಾಯಿತು. ಪುಣ್ಯಕ್ಕೆ ಪ್ರಾಣಹಾನಿ ಆಗಲಿಲ್ಲ. ಸರೋವರದ ಮೇಲೆ ಹಬ್ಬಿದ ಆ ಹೊಗೆಯೇ ಮುಂದೆ ‘ಸ್ಮೋಕ್ ಆನ್ ದ ವಾಟರ್’ ಎಂಬ ಹಾಡಾಯಿತು.

ಪರದೇಶದಲ್ಲಿ ಜಾಗವಿಲ್ಲದೆ ನಿಂತ ಐದು ಜನ! ಒಂದು ನಾಟಕಶಾಲೆಗೆ ಹೋದರು. ರಾತ್ರಿ ಬಾರಿಸತೊಡಗಿದ್ದೇ ತಡ, ನೆರೆಹೊರೆಯವರು ದೂರು ಕೊಟ್ಟು ಪೊಲೀಸರು ಬಂದರು. ಕೊನೆಗೆ ಸಿಕ್ಕಿದ್ದು ಚಳಿಗಾಲಕ್ಕೆಂದು ಬಾಗಿಲು ಹಾಕಿದ್ದ ಗ್ರ್ಯಾಂಡ್ ಹೋಟೆಲು. ಅದರ ಕಾರಿಡಾರಿನಲ್ಲಿ ವಾದ್ಯಗಳನ್ನಿಟ್ಟು, ಸದ್ದು ತಡೆಯಲಿಕ್ಕೆ ಹಾಸಿಗೆಗಳನ್ನು ಒಡ್ಡಿ, ಹೊರಗೆ ನಿಂತ ಲಾರಿಗೆ ವೈರು ಎಳೆದರು. ಬಾರಿಸಿದ್ದು ಹೇಗೆ ಬಂದಿದೆ ಎಂದು ಕೇಳಬೇಕಾದರೆ ಕೋಣೆ, ಬಾಲ್ಕನಿ ದಾಟಿ, ಚಳಿಯಲ್ಲಿ ಲಾರಿಯವರೆಗೆ ಹೋಗಿ ಬರಬೇಕು. ಒಂದೆರಡು ಸಲ ಹೋದರು, ಆಮೇಲೆ ಬೇಸತ್ತು ಬಿಟ್ಟೇಬಿಟ್ಟರು. ತಮಗೆ ಸರಿ ಅನ್ನಿಸುವವರೆಗೆ ಬಾರಿಸುವುದು, ಸರಿ ಅನ್ನಿಸಿದರೆ ಮುಂದಿನ ಹಾಡು. ಎರಡು ವಾರದ ಆಚೀಚೆ ಕೆಲಸ ಮುಗಿಯಿತು. 1972ರ ಮಾರ್ಚಿನಲ್ಲಿ ಆಲ್ಬಮ್ ಹೊರಬಂತು. ಏಳೇ ಹಾಡು, ಸುಮಾರು 37 ನಿಮಿಷ.

ನನಗೆ ಈ ಆಲ್ಬಮ್ಮಿನ ಗುಟ್ಟು ಇರುವುದು ಇಲ್ಲಿಯೇ. ಸವರಿ, ತಿದ್ದಿ, ನುಣುಪು ಮಾಡಲು ಅವರಿಗೆ ಆಸ್ಪದವೇ ಇರಲಿಲ್ಲ. ಕೇಳುವಾಗ ಐದು ಜನ ಒಬ್ಬರ ಮುಖ ಒಬ್ಬರು ನೋಡುತ್ತ ಬಾರಿಸುವುದು ಕಿವಿಗೆ ಕಾಣಿಸುತ್ತದೆ. ನಮ್ಮ ಬೈಠಕ್ಕಿನಲ್ಲಿ ತಬಲದವನು ಸಮ್ಮಿಗೆ ಬಂದು ಗಾಯಕನ ಕಡೆ ನೋಡಿ ನಗುತ್ತಾನಲ್ಲ, ಹಾಗೆ. ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಬಾರಿಸುತ್ತಿದ್ದ. ಇಗರ್ಜಿಯ ಪ್ರಾರ್ಥನೆಗೆ ಒಗ್ಗುವ ವಾದ್ಯ ಅವನ ಕೈಯಲ್ಲಿ ಗುರುಗುಟ್ಟುತ್ತದೆ. ‘ಲೇಜಿ’ ಹಾಡಿನಲ್ಲಿ ಅವನಿಗೂ ಗಿಟಾರಿನ ರಿಚೀ ಬ್ಲ್ಯಾಕ್‌ಮೋರನಿಗೂ ನಡೆಯುವುದು ಅಪ್ಪಟ ಸವಾಲ್-ಜವಾಬ್. ಇನ್ನು ‘ಸ್ಮೋಕ್ ಆನ್ ದ ವಾಟರ್’ನ ಆ ಜಗತ್ಪ್ರಸಿದ್ಧ ರಿಫ್, ಅಂದರೆ ಪಲ್ಲವಿಯಂತೆ ಮರಳಿ ಮರಳಿ ಬರುವ ಸ್ವರಗುಚ್ಛ, ಅದರಲ್ಲಿರುವುದು ನಾಲ್ಕೇ ಸ್ವರ. ನಮ್ಮ ಲೆಕ್ಕದಲ್ಲಿ ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಅದರ ಮಗ್ಗುಲಲ್ಲೇ ತೀವ್ರ ಮಧ್ಯಮ. ಲಲಿತ ರಾಗ ಕೇಳಿದ ಕಿವಿಗೆ ಎರಡು ಮಧ್ಯಮಗಳು ಹೀಗೆ ಒತ್ತಿಕೊಂಡು ಕೂರುವುದು ಹೊಸದಲ್ಲ. ಆದರೆ ನಾಲ್ಕೇ ಸ್ವರದಲ್ಲಿ ಇಷ್ಟು ಭಾರ ಹೊರಬಹುದೆಂಬುದು ಹೊಸದು. ಧೋಬಿ ತಲಾವದ ಫುರ್ಟಾಡೋಸ್ ಅಂಗಡಿಯಲ್ಲಿ ಗಿಟಾರು ಕೊಳ್ಳಲು ಬಂದ ಹುಡುಗರು ಮೊದಲು ಬಾರಿಸಿ ನೋಡುತ್ತಿದ್ದುದು ಇದನ್ನೇ.

ನಾನು ಮೊದಲು ಕೇಳಿದ್ದು ಘಾಟಕೋಪರದ ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ. ಮೂವರಿದ್ದೆವು: ಒಬ್ಬ ಗೋವೆಯ ಡ್ರಾಫ್ಟ್ಸ್‌ಮನ್, ಒಬ್ಬ ಪಾಲಕ್ಕಾಡಿನ ಟೈಪಿಸ್ಟ್, ನಾನು. ಕಾಳಾ ಘೋಡಾದ ರಿದಮ್ ಹೌಸ್‌ನಿಂದ (2016ರಲ್ಲಿ ಆ ಅಂಗಡಿ ಮುಚ್ಚಿತು) ಗೋವೆಯವನು ಕ್ಯಾಸೆಟ್ ತಂದಿದ್ದ. ನಾನು ಭೀಮಸೇನ ಜೋಶಿಯವರನ್ನು ಹಾಕಿದರೆ ಅವರಿಬ್ಬರು ಅತಿಥಿಗಳ ಹಾಗೆ ಮರ್ಯಾದೆಯಿಂದ ಕೇಳುತ್ತಿದ್ದರು. ಟೈಪಿಸ್ಟ್ ಯೇಸುದಾಸರನ್ನು ಹಾಕಿದರೆ ನಾವೂ ಹಾಗೆಯೇ. ‘ಮಷೀನ್ ಹೆಡ್’ ಹಾಕಿದಾಗ ಮಾತ್ರ ಯಾರೂ ಯಜಮಾನರಲ್ಲ, ಯಾರೂ ಅತಿಥಿಗಳಲ್ಲ. ಇಯಾನ್ ಗಿಲ್ಲನ್ ಹಾಡುವ ಶಬ್ದ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಹಗಲೆಲ್ಲ ಲೆಡ್ಜರಿನ ಮುಂದೆ ತಲೆ ತಗ್ಗಿಸಿ, ಲೋಕಲ್ ಗಾಡಿಯಲ್ಲಿ ಒಂಟಿಗಾಲಿನಲ್ಲಿ ನಿಂತು ಬಂದವರಿಗೆ, ನಮ್ಮ ಪರವಾಗಿ ಒಬ್ಬ ಗಂಟಲು ಹರಿಯುವಂತೆ ಕೂಗುತ್ತಿದ್ದಾನೆ ಅನ್ನಿಸುತ್ತಿತ್ತು.

1985ರಲ್ಲಿ ಅಪ್ಪ ಒಂದು ವಾರ ಬಂದಿದ್ದರು. ಗೋವೆಯವನು ತಡೆಯಲಾರದೆ ಒಂದು ಸಂಜೆ ಕ್ಯಾಸೆಟ್ ಹಾಕಿಯೇಬಿಟ್ಟ. ಅಪ್ಪ ಎರಡು ನಿಮಿಷ ಕೇಳಿ, “ಏನೋ ಇದು? ಎಲ್ಲ್ಯೋ ಬೆಂಕಿ ಬಿದ್ದಾಂಗ ಚೀರಲಿಕ್ಕತ್ತಾನಲ್ಲೋ ಇಂವಾ!” ಅಂದರು. ನನಗೆ ನಗು ತಡೆಯಲಾಗಲಿಲ್ಲ, ಯಾಕೆಂದರೆ ಆಗ ಓಡುತ್ತಿದ್ದುದು ನಿಜಕ್ಕೂ ಬೆಂಕಿಯ ಹಾಡೇ. ಕಥೆ ಹೇಳಿದೆ. “ಯಾರೂ ಸಾಯಲಿಲ್ಲಲಾ?” ಎಂದು ಕೇಳಿದರು. ಇಲ್ಲ ಅಂದೆ. “ಹಂಗಾರ ಚೀರಲಿ ಬಿಡು.”

ಅಪ್ಪ 1987ರ ಮಳೆಗಾಲದಲ್ಲಿ ತೀರಿಕೊಂಡರು. ತಂತಿ ಬಂದು, ನಾನು ಮೀರಜಿನಲ್ಲಿ ಗಾಡಿ ಬದಲಿಸಿ ಧಾರವಾಡ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಹದಿನೈದು ದಿನದ ಮೇಲೆ ಮುಂಬಯಿಗೆ ಮರಳಿದೆ. ಮನಸೂರರ ಕ್ಯಾಸೆಟ್ ಕೈಗೆ ತೆಗೆದುಕೊಂಡೆ, ಹಾಕಲಾಗಲಿಲ್ಲ. ಆ ಸ್ವರದೊಳಗೆ ಅಪ್ಪ ತೊಡೆ ತಟ್ಟುತ್ತ ಕೂತಿದ್ದರು. ಗೋವೆಯವನು ಸಮಾಧಾನದ ಒಂದು ಮಾತೂ ಆಡಲಿಲ್ಲ. ‘ಪಿಕ್ಚರ್ಸ್ ಆಫ್ ಹೋಮ್’ ಹಾಕಿದ. ಹೆಸರೇ ‘ಮನೆಯ ಚಿತ್ರಗಳು’. ಹಿಮದ ಬೆಟ್ಟಗಳ ನಡುವೆ ಒಂಟಿಯಾದವನೊಬ್ಬನಿಗೆ ಮನೆ ಕಣ್ಣಿಗೆ ಕಟ್ಟುವ ಹಾಡು. ಇಯಾನ್ ಪೇಸ್‌ನ ಡ್ರಮ್ಮಿನಿಂದ ಶುರುವಾಗಿ, ನಡುವೆ ರೋಜರ್ ಗ್ಲೋವರನ ಬೇಸ್ ಗಿಟಾರು ಒಂದೇ ಮುಂದೆ ಬಂದು ಮಾತಾಡುತ್ತದೆ. ಊರಿನಲ್ಲಿ ಬಾರದ ಅಳು ಆಗ ಬಂತು. ನಮ್ಮ ಸಂಗೀತ ನನ್ನನ್ನು ಸಂತೈಸಲು ಮನೆಗೇ ಕರೆದೊಯ್ಯುತ್ತಿತ್ತು, ಅಲ್ಲಿ ಅಪ್ಪ ಇರಲಿಲ್ಲ. ಈ ಸಂಗೀತಕ್ಕೆ ನನ್ನ ಮನೆಯ ಗುರುತೇ ಇಲ್ಲ. ಅದು ಸಂತೈಸುವುದಿಲ್ಲ, ಜತೆಗೆ ನಿಂತು ಕೂಗುತ್ತದೆ ಅಷ್ಟೆ. ಒರಟಿಗೂ ಒಂದು ಕರುಣೆ ಇರುತ್ತದೆ ಎಂದು ನನಗೆ ತಿಳಿದದ್ದು ಹಾಗೆ.

ಗೋವೆಯವನು 1990ರಲ್ಲಿ ಮಸ್ಕತ್ತಿಗೆ ಹೋದ, ಕ್ಯಾಸೆಟ್ ನನಗೆ ಬಿಟ್ಟು. ಜಾನ್ ಲಾರ್ಡ್ 2012ರಲ್ಲಿ ತೀರಿಕೊಂಡ. 2024ರಲ್ಲಿ ಈ ಆಲ್ಬಮ್ಮಿನ ಹೊಸ ಆವೃತ್ತಿ ಬಂತು. ಅದಕ್ಕಾಗಿ ಹಳೆಯ ಮುದ್ರಣವನ್ನು ಮತ್ತೆ ಹದ ಮಾಡಿದವನು ಡ್ವೀಝಿಲ್ ಜಪ್ಪಾ. ಹೌದು, ಕ್ಯಾಸಿನೋ ಸುಟ್ಟ ರಾತ್ರಿ ವೇದಿಕೆಯ ಮೇಲಿದ್ದ ಫ್ರಾಂಕ್ ಜಪ್ಪಾನ ಮಗ! ನನ್ನ ಮಗ ಹೆಡ್‌ಫೋನ್ ಕೊಡಿಸಿ ಕೇಳಿಸಿದ. ವಾದ್ಯಗಳು ಬಿಡಿಬಿಡಿಯಾಗಿ, ತೊಳೆದಿಟ್ಟ ಪಾತ್ರೆಯಂತೆ ಕೇಳುತ್ತವೆ. ಚೆನ್ನಾಗಿದೆ, ಇಲ್ಲವೆನ್ನಲಾರೆ. ಈಚೆಗೆ ಕಿವಿಯ ಡಾಕ್ಟರು ನನಗೆ ಎತ್ತರದ ಸ್ವರಗಳು ಕಡಿಮೆ ಕೇಳುತ್ತಿವೆ ಎಂದು ನಕ್ಷೆ ಬರೆದು ತೋರಿಸಿದ್ದಾರೆ. ಗಿಲ್ಲನ್‌ನ ಚೀರಾಟದ ತುದಿ ನನಗೀಗ ಮೊಂಡು. ಅದರ ಬದಲು, ನಲವತ್ತು ವರ್ಷ ಅದರಡಿ ಮುಚ್ಚಿಹೋಗಿದ್ದ ಗ್ಲೋವರನ ಬೇಸ್ ಮೇಲೆ ಬಂದಿದೆ.

ಹೊಸಬರು ಕೇಳುವುದಾದರೆ ‘ಸ್ಮೋಕ್ ಆನ್ ದ ವಾಟರ್’ನಿಂದ ಶುರು ಮಾಡಬೇಡಿ, ಅದು ಎಲ್ಲ ಕಡೆ ಬಿದ್ದುಕೊಂಡಿದೆ. ‘ಪಿಕ್ಚರ್ಸ್ ಆಫ್ ಹೋಮ್’ ಹಾಕಿ. ದನಿ ತುಸು ಹೆಚ್ಚೇ ಇರಲಿ. ನೆರೆಯವರು ಬಾಗಿಲು ತಟ್ಟಿದರೆ, ಮಾಂಟ್ರೋದಲ್ಲೂ ತಟ್ಟಿದ್ದರು ಎಂದು ಹೇಳಿ.