ಸಂಪಿಗೆಯ ದಾಯಾದಿ

ಮೇರಿಲ್ಯಾಂಡಿನ ನಮ್ಮ ಹಿತ್ತಲಲ್ಲಿ ಸಂಪಿಗೆ ನೆಟ್ಟರೆ ಚಳಿಗಾಲ ದಾಟುವುದಿಲ್ಲ. ಅದಕ್ಕೇ ಅದರ ದಾಯಾದಿಯೊಬ್ಬಳನ್ನು ಸಾಕಿಕೊಂಡಿದ್ದೇನೆ. ಹೆಸರು ಜೇನ್. ಎಲೆ ಉದುರಿಸುವ ಮ್ಯಾಗ್ನೋಲಿಯಾ ಪೊದೆ. ಸಸ್ಯಶಾಸ್ತ್ರಜ್ಞರು ಸಂಪಿಗೆಯನ್ನೂ ಈಗ ಮ್ಯಾಗ್ನೋಲಿಯಾ ಕುಲಕ್ಕೇ ಸೇರಿಸಿರುವುದರಿಂದ, ನಾನು ಸುಮ್ಮನೆ ನೆಂಟಸ್ತನ ಹಚ್ಚುತ್ತಿಲ್ಲ.

ಜೇನ್‌ಳ ತವರು ಇಲ್ಲೇ ಪಕ್ಕದ ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನ. 1950ರ ದಶಕದ ನಡುವೆ ಅಲ್ಲಿನ ಫ್ರಾನ್ಸಿಸ್ ಡಿ ವೋಸ್ ಮತ್ತು ವಿಲಿಯಂ ಕೋಸಾರ್, ಜಪಾನಿನ ನಕ್ಷತ್ರ ಮ್ಯಾಗ್ನೋಲಿಯಾಕ್ಕೂ ಚೀನಾ ಮೂಲದ ಲಿಲಿಫ್ಲೋರಾಕ್ಕೂ ಸಂಬಂಧ ಕುದುರಿಸಿದರು. ಹುಟ್ಟಿದ ಎಂಟು ತಳಿಗಳಿಗೆ ಆನ್, ಬೆಟ್ಟಿ, ಸುಸಾನ್ ಅಂತೆಲ್ಲ ಹೆಸರು. ನಕ್ಷತ್ರ ಮ್ಯಾಗ್ನೋಲಿಯಾ ಮಾರ್ಚಿನ ಬಿಸಿಲಿಗೆ ಮರುಳಾಗಿ ಅರಳಿಬಿಡುತ್ತದೆ. ರಾತ್ರಿ ಹಿಮ ಕಟ್ಟಿತೋ, ಬೆಳಗ್ಗೆ ಎಸಳೆಲ್ಲ ಕಂದಿ ಜೋತುಬೀಳುತ್ತವೆ. ಜೇನ್ ಅಷ್ಟು ಸುಲಭಕ್ಕೆ ಮೋಸಹೋಗುವವಳಲ್ಲ, ಏಪ್ರಿಲ್‌ವರೆಗೂ ತಡೆಯುತ್ತಾಳೆ. ಆದರೂ ಬಿಸಿಲು ಕಾಯಿಸುವ ದಕ್ಷಿಣದ ಗೋಡೆಯಿಂದ ಅವಳನ್ನು ದೂರವೇ ಇಟ್ಟೆ.

ಫೆಬ್ರವರಿಯಲ್ಲಿ ಊರಿಂದ ಬಂದ ಅಮ್ಮ ಬೋಳು ಕೊಂಬೆಗಳನ್ನು ನೋಡಿ, "ಒಣಗಿಹೋಗಿದೆ ಕಣೋ, ಕಿತ್ತು ಹಾಕು" ಎಂದರು. ಒಂದು ಮೊಗ್ಗನ್ನು ಅವರ ಬೆರಳಿಗೆ ತಾಗಿಸಿದೆ. ಬೂದುಬಣ್ಣದ ರೋಮದ ಹೊದಿಕೆ, ಬೆಕ್ಕಿನ ಮರಿಯ ಕಿವಿ ಮುಟ್ಟಿದ ಹಾಗೆ. ಚಳಿಗಾಲದುದ್ದಕ್ಕೂ ಕಾಫಿ ಲೋಟ ಹಿಡಿದು ಹೋಗಿ ಅವನ್ನು ಸವರಿ ಬರುವುದು ನನ್ನ ಚಟ. ನಿಜ ಹೇಳಬೇಕೆಂದರೆ, ಹೂವಿಗಿಂತ ನನಗೆ ಮೊಗ್ಗೇ ಹೆಚ್ಚು ಇಷ್ಟ.

ಆ ಮೊಗ್ಗು ಕಟ್ಟುವುದು ಹಿಂದಿನ ಬೇಸಿಗೆಯಲ್ಲೇ. ಕತ್ತರಿ ಆಡಿಸುವುದಿದ್ದರೆ ಹೂ ಮುಗಿದ ಕೂಡಲೇ ಆಗಬೇಕು. ಅಕ್ಟೋಬರಿನಲ್ಲಿ ಗಿಡವನ್ನು ಚಂದ ಮಾಡಹೊರಟವರು ಮುಂದಿನ ವರ್ಷದ ಹೂವನ್ನೇ ಕಸದ ಬುಟ್ಟಿಗೆ ತುಂಬುತ್ತಾರೆ. ದಪ್ಪನೆಯ ಮೆತ್ತಗಿನ ಬೇರು ಮೇಲುಮಣ್ಣಿನಲ್ಲೇ ಹರಡಿರುವುದರಿಂದ ಬುಡದಲ್ಲಿ ಗುದ್ದಲಿ ಆಡಿಸುವ ಹಾಗಿಲ್ಲ. ತರಗೆಲೆ ಹೊದಿಸಿದರೆ ಆಯಿತು. ಸೋಮಾರಿಗಳಿಗೆ ಹೇಳಿ ಮಾಡಿಸಿದ ಗಿಡ.

ಎಲೆಗೆ ಮುಂಚೆಯೇ ಹೂ. ಹೊರಗೆ ಕೆನ್ನೇರಳೆ, ಒಳಗೆ ಬಿಳಿ. ದುಂಬಿ ಸಂಪಿಗೆಯ ಹತ್ತಿರ ಸುಳಿಯದು ಎಂಬುದು ನಮ್ಮ ಹಳೆಯ ಕವಿಸಮಯ. ಜೇನ್‌ಳ ಎದುರು ನಿಂತಾಗಲೆಲ್ಲ ಅದು ನೆನಪಾಗುತ್ತದೆ. ಜೇನುನೊಣ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹುಟ್ಟಿದ ವಂಶವಿದು. ಇದರ ಪರಾಗ ಹೊರುವ ಹಳೆಯ ಗುತ್ತಿಗೆ ಜೀರುಂಡೆಗಳದ್ದು. ಹೂವಿನ ನಡುಭಾಗ ಅವುಗಳ ಕಡಿತ ತಡೆಯುವಷ್ಟು ಗಟ್ಟಿ.

ಏಪ್ರಿಲ್‌ನಲ್ಲಿ ಅಮ್ಮ ಹೂವಿಗೆ ಮೂಗಿಟ್ಟು ನೋಡಿದರು. "ದಾಯಾದಿ ಅಂತೀಯ, ಘಮ ಪೂರ್ತಿ ಅವರ ಪಾಲಿಗೇ ಹೋಗಿದೆಯಲ್ಲೋ!" ಆದರೂ ಒಂದು ಹೂ ಕಿತ್ತು ದೇವರ ಪಟಕ್ಕೆ ಏರಿಸಿದರು.